ಗೌಡರ ಬಾಗಿಲಿಗೆ ಹೋದ ಸಿವುಡು

ಹೂಂಗುಡ್ತಾ ಕೇಳು ಕಂದಾ. ರಾಜರು ಕುದುರೆ ಮೇಲೆ ಊರೂರು ತಿರುಗ್ತಿದ್ದ ಒಂದಾನೊಂದು ಕಾಲದಲ್ಲಿ ದುರುಗ ಅಂತ ಒಬ್ಬ ಇದ್ದನಂತೆ. ಅವನ ಅಪ್ಪ, ತಾತ ಎಲ್ಲ ಗೌಡರ ಹೊಲ ಉತ್ತು, ಮೊದಲು ಕೊಯ್ದ ರಾಗಿ ಸಿವುಡನ್ನ, ಅಂದ್ರೆ ತೆನೆ ಕಟ್ಟನ್ನ, ಹೊತ್ಕೊಂಡು ಹೋಗಿ ಗೌಡರ ಬಾಗಿಲಲ್ಲಿಟ್ಟು ಬಂದವರೇ. ಒಂದ್ ಸಲ ಕೆರೆ ಏರಿ ಬಿರುಕು ಬಿಟ್ಟಾಗ ಊರೆಲ್ಲ ಎದ್ದು ಬರೋವರೆಗೂ ದುರುಗ ಅದಕ್ಕೆ ಬೆನ್ನು ಕೊಟ್ಟು ನಿಂತನಂತೆ. ಆಮೇಲೆ ರಾಜ ಮೆಚ್ಚಿ ಒಂದು ಹೊಲ ಕೊಟ್ಟು, ಸೂರ್ಯ ಚಂದ್ರರನ್ನ ಕೆತ್ತಿದ ಕಲ್ಲು ನೆಡಿಸಿ, ಸೂರ್ಯ ಚಂದ್ರ ಇರೋವರೆಗೂ ಇದು ನಿಂದೇ, ಕಂದಾಯ ಇಲ್ಲ, ಬಿಟ್ಟಿ ಚಾಕರಿ ಇಲ್ಲ, ಯಾರಿಗೂ ಒಂದು ತೆನೆ ಕೊಡಬೇಕಾಗಿಲ್ಲ ಅಂದನಂತೆ.

ಮೊದಲನೇ ವರ್ಷ ಕೊಯ್ಲು ಬಂತು. ದುರುಗ ಸಿವುಡು ಕಟ್ಟಿ ತಲೆ ಮೇಲಿಟ್ಕೊಂಡ, ಆಮೇಲೆ ನೋಡ್ತಾನೆ, ಗೌಡರ ಬಾಗಿಲಲ್ಲಿ ನಿಂತಿದಾನೆ. ಕಾಲು ತಾವೇ ನಡ್ಕೊಂಡು ಹೋಗಿದ್ವಂತೆ. ಗೌಡ ಅದನ್ನ ಒಳಗಿಡಿಸ್ಕೊಂಡ. ಹೆಂಡ್ತಿ ಹೊನ್ನಿ ಮೊದಲ ಸಿವುಡೆಲ್ಲಿ ಅಂದ್ರೆ ದೇವ್ರಿಗೆ ಕೊಟ್ಟೆ ಅಂದ. ಅವಳು ನಂಬಿದ್ದು ನೋಡಿ ಅವನಿಗೆ ಇನ್ನೂ ನಾಚಿಕೆ ಆಯ್ತಂತೆ.

ಎರಡನೇ ವರ್ಷ ಈ ಸಲ ಹೋಗೋದೇ ಇಲ್ಲ ಅಂತ ಗಟ್ಟಿ ಮನಸ್ಸು ಮಾಡಿ ಮನೆ ಕಡೆ ಹೊರಟಿದ್ದ. ಗೌಡ ಜಗಲಿ ಮೇಲಿಂದ ಏನೋ ದುರುಗಾ ಅಂದ, ಅಷ್ಟೇ. ಅಷ್ಟಕ್ಕೇ ಇವನು ಸಿವುಡು ಇಳಿಸಿ ಕೈ ಮುಗಿದು ನಿಂತ. ಆಗ ಗೌಡ ನಕ್ಕು, ಬರೋ ಕೊಯ್ಲಿಗೂ ನೀನು ತರ್ತೀಯ ನಂಗೊತ್ತು, ಮೂರು ವರ್ಷ ಮೊದಲ ಸಿವುಡು ಯಾರ ಬಾಗಿಲಿಗೆ ಹೋಯ್ತೋ ಹೊಲ ಅವರದ್ದೇ ಅನ್ನೋದು ಊರ ವಾಡಿಕೆ, ಆಮೇಲೆ ಹೊಲಾನೂ ನಂದೇ, ರಾಜನ ಕಲ್ಲನ್ನ ಬಟ್ಟೆ ಒಗೆಯೋಕೆ ಹಾಕಿಸ್ಕೋತೀನಿ ಅಂದನಂತೆ.

ದುರುಗನಿಗೆ ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು. ಹೊಡೆದಿದ್ರೆ, ಬೈದಿದ್ರೆ ಹೇಳ್ಕೋಬಹುದಿತ್ತು. ಬರೀ ಹೆಸರು ಹಿಡಿದು ಕರೆದಿದ್ದಕ್ಕೆ ಕೊಟ್ಟು ಬಂದೆ ಅಂತ ಯಾರ ಹತ್ರ ಹೇಳ್ಕೋತಾನೆ ಪಾಪ. ಮೂರನೇ ಕೊಯ್ಲು ಹತ್ರ ಬಂದ ಹಾಗೆಲ್ಲ ಊಟ ಸೇರಲಿಲ್ಲ. ಕೊನೆಗೆ ತಲೆ ತಗ್ಗಿಸ್ಕೊಂಡು ಹೊನ್ನಿಗೆ ಎಲ್ಲಾ ಹೇಳಿದ. ಅವಳು ಬೈಯ್ಲಿಲ್ಲ. ಕುಡುಗೋಲು ತಗೊಂಡು ಹೋಗಿ ಮೊದಲ ಸಿವುಡು ತಾನೇ ಕೊಯ್ದು, ಬಡಿದು, ಬೀಸಿ, ಹೊಲದಲ್ಲೇ ಒಲೆ ಹೂಡಿ ಮುದ್ದೆ ತೊಳಸಿ, ಉಣ್ಣು ಅಂದ್ಲಂತೆ.

ಅಷ್ಟರಲ್ಲಿ ಗೌಡ ಕಾದು ಕಾದು ಸಾಕಾಗಿ ತಾನೇ ಬಂದ. ಸಿವುಡೆಲ್ಲೋ ಅಂದ. ದುರುಗನ ಕೈ ಮುಗಿಯೋಕೇ ಹೋಯ್ತು, ಆದ್ರೆ ಕೈತುಂಬ ಬಿಸಿ ಮುದ್ದೆ ಇತ್ತಲ್ಲ, ಹೇಗೆ ಮುಗೀತಾನೆ. ಉಣ್ತಾ ಇದೀವಿ ಬುದ್ಧಿ ಅಂದನಂತೆ. ಅಕ್ಕಪಕ್ಕದ ಹೊಲದವರೆಲ್ಲ ಕುಡುಗೋಲು ಹಿಡ್ಕೊಂಡೇ ತಿರುಗಿ ನೋಡಿದ್ರು. ಗೌಡ ಬಂದ ದಾರೀಲೇ ವಾಪಸ್ ಹೋದ.

ಆಗಲೂ ಬುದ್ಧಿ ಅಂದುಬಿಟ್ನಲ್ಲ ಅಂತ ದುರುಗ ಮುಖ ಮುಚ್ಕೊಂಡ. ಬಾಯಿ ಅಭ್ಯಾಸ, ನಿಧಾನಕ್ಕೆ ಹೋಗುತ್ತೆ ಬಿಡು, ಹೊಲ ಹೋಗ್ಲಿಲ್ಲವಲ್ಲ, ಆರಿ ಹೋಗ್ತದೆ ಉಣ್ಣು ಅಂದ್ಲಂತೆ ಹೊನ್ನಿ. ಆಮೇಲೆ ಅವರು ಮಕ್ಕಳು ಮರಿ ಮಾಡ್ಕೊಂಡು ಅಲ್ಲೇ ಸುಖವಾಗಿದ್ರು. ಹುಟ್ಟಿದಾಗಿಂದ ರಾಗಿ ಬೆಳೆದವನು, ಮೊದಲ ಸಿವುಡಿನ ಮುದ್ದೆ ಉಂಡಿದ್ದು ಅವತ್ತೇ ಅಂತೆ ಕಂದಾ. ಕತೆ ಅಲ್ಲಿಗೆ ಮುಗೀತು, ನೀನಿನ್ನು ಮಲಕ್ಕೋ.