ಜೊಂಡಿನ ಕೆರೆಯ ಬೇಲಿ

ಹೊಳೆದಂಡೆಯ ಆಶ್ರಮದಲ್ಲಿ ದಿನವೂ ಮಧ್ಯಾಹ್ನ ಬಡವರಿಗೆ ರಾಗಿ ಅಂಬಲಿ ಬಡಿಸುತ್ತಿದ್ದರು. ಆ ಕೆಲಸ ಶಿಷ್ಯ ಸೋಮಲಿಂಗನದು.

ಒಂದು ದಿನ ಅವನು ಗುರು ನಿರಂಜನಯ್ಯನವರ ಬಳಿ ಬಂದು ಹಿಗ್ಗಿನಿಂದ ಹೇಳಿದ: "ಗುರುಗಳೇ, ಇವತ್ತೂ ಯಾರೂ ಹಸಿದು ಹೋಗಲಿಲ್ಲ. ಮನಸ್ಸು ತುಂಬಿ ಬಂತು."

"ಯಾರ ಯಾರ ಮುಖ ನೋಡಿದೆ?"

ಸೋಮಲಿಂಗ ತಡವರಿಸಿದ. "ತಟ್ಟೆ ನೋಡಿದೆ ಗುರುಗಳೇ."

"ನಾಳೆ ನಾನು ಬಡಿಸುತ್ತೇನೆ. ನೀನು ಸಾಲಿನಲ್ಲಿ ನಿಲ್ಲು."

ಮರುದಿನ ಅವನು ತಟ್ಟೆ ಹಿಡಿದು ಬಿಸಿಲಲ್ಲಿ ನಿಂತ. ಅವನ ಮುಂದಿದ್ದವಳು ದುರ್ಗವ್ವ ಎಂಬ ಹೆಂಗಸು.

"ಅಯ್ಯೋ, ನೀವ್ಯಾಕೆ ಇಲ್ಲಿ ಸ್ವಾಮಿ?"

"ಗುರುಗಳ ಅಪ್ಪಣೆ ತಾಯಿ. ನೀವು ಎಷ್ಟು ದಿನದಿಂದ ಬರ್ತಿದ್ದೀರಿ?"

"ಎರಡು ವರ್ಷ ಆಯ್ತು. ಮೊದಲು ಕೆರೆಯ ಜೊಂಡು ಕೊಯ್ದು ಚಾಪೆ ಹೆಣೀತಿದ್ವಿ. ಪಟೇಲರು ಕೆರೆಗೆ ಬೇಲಿ ಹಾಕಿಸಿದ್ರು. ಈಗ ಒಳಗೆ ಕಾಲಿಟ್ಟರೆ ಹೊಡೀತಾರೆ."

"ಯಾರನ್ನೂ ಕೇಳಲಿಲ್ವಾ?"

"ಯಾರನ್ನ ಕೇಳೋದು? ನಿಮ್ಮ ಅಂಬಲಿ ರುಚಿಯಾಗಿದೆ, ಸುಳ್ಳು ಹೇಳಲ್ಲ. ಆದ್ರೆ ನನ್ನ ಮಗಳು ಚಾಪೆ ಹೆಣೆಯೋದು ಮರೆತು ತಟ್ಟೆ ಹಿಡಿಯೋದು ಕಲೀತಿದ್ದಾಳೆ ಸ್ವಾಮಿ."

ಸೋಮಲಿಂಗನ ಮೈ ಉರಿಯಿತು. ನೆಟ್ಟಗೆ ಗುರುಗಳ ಬಳಿ ಹೋಗಿ, ಕೇಳಿದ್ದನ್ನೆಲ್ಲ ಹೇಳಿ, ಇದು ಅನ್ಯಾಯ ಎಂದು ಕೂಗಾಡಿದ.

"ಆ ಕೆರೆ ಇಲ್ಲಿದೆಯೇ?"

"ಇಲ್ಲ."

"ಮತ್ತೆ ಇಲ್ಲಿ ಯಾಕೆ ಕೂಗುತ್ತೀ?"

ಅಂದೇ ಅವನು ಚಾಪೆ ಹೆಣೆಯುವವರ ಕೇರಿಗೆ ಹೋದ. ಅಲ್ಲೇ ಉಳಿದ. ಕೆರೆ ಊರಿಗೆಲ್ಲ ಸೇರಿದ್ದು ಎಂಬ ಹಳೆಯ ಕಾಗದವನ್ನು ಹುಡುಕಿ ತೆಗೆಸಿದ. ಕೇರಿಯವರ ಜೊತೆ ತಾಲ್ಲೂಕು ಕಚೇರಿಗೆ ಅಲೆದ.

ಪಟೇಲರ ಆಳುಗಳು ಹೊಡೆದು ಅವನ ಬಲಗೈ ಮುರಿದರು. ಕೈಗೆ ಬಿದಿರ ಪಟ್ಟಿ ಕಟ್ಟಿದವಳು ದುರ್ಗವ್ವ. ತುತ್ತು ಮಾಡಿ ಉಣ್ಣಿಸಿದವಳೂ ಅವಳೇ.

"ನಮ್ಮಿಂದಾಗಿ ಏಟು ತಿಂದ್ರಿ," ಎಂದು ಅವಳು ಕಣ್ಣೊರೆಸಿಕೊಂಡಳು.

"ನೀವು ಹೇಳದೇ ಹೋಗಿದ್ರೆ ಇವತ್ತಿಗೂ ತಟ್ಟೆ ನೋಡ್ತಾನೇ ಇರ್ತಿದ್ದೆ ತಾಯಿ. ದೊಡ್ಡ ಉಪಕಾರ ಮಾಡಿದ್ರಿ."

ಎರಡನೆಯ ವರ್ಷ ಸರ್ಕಾರದ ಆಜ್ಞೆ ಬಂತು. ಬೇಲಿ ಕಿತ್ತರು. ಹೆಂಗಸರು ಕುಡುಗೋಲು ಹಿಡಿದು ಎದೆಮಟ್ಟದ ಜೊಂಡಿನೊಳಗೆ ಇಳಿದ ಬೆಳಿಗ್ಗೆ ಸೋಮಲಿಂಗ ದಡದಲ್ಲಿ ಕೂತು ಮಕ್ಕಳಂತೆ ಅತ್ತ.

ಕೇರಿಯವರು ಗುರುಗಳಿಗೆಂದು ಹೆಣೆದುಕೊಟ್ಟ ಚಾಪೆ ಹೊತ್ತು ಅವನು ಆಶ್ರಮಕ್ಕೆ ಬಂದ. ಗುರುಗಳು ಭಿಕ್ಷೆಯ ಜೋಳಿಗೆಯಿಂದ ಹಿಟ್ಟನ್ನು ಮಡಕೆಗೆ ಸುರಿಯುತ್ತಿದ್ದರು. ನಡೆದೂ ನಡೆದೂ ಅವರ ಹಿಮ್ಮಡಿ ಬಿರಿದಿತ್ತು.

"ಈ ವಯಸ್ಸಿನಲ್ಲಿ ಭಿಕ್ಷೆಗೆ ಹೋಗ್ತೀರಾ? ಉಗ್ರಾಣದ ತುಂಬ ರಾಗಿ ಇತ್ತಲ್ಲ?"

"ಅದು ಪಟೇಲರು ಕಳಿಸುತ್ತಿದ್ದ ರಾಗಿ. ನೀನು ಕೇರಿಗೆ ಹೋದ ವಾರವೇ ನಿಂತಿತು."

ಸೋಮಲಿಂಗ ಕುಸಿದು ಅವರ ಕಾಲು ಹಿಡಿದ. "ನೀವು ನನಗೆ ದಾರಿ ತೋರಿಸಿದಿರಿ. ನಾನು ನಿಮ್ಮನ್ನು ಬೀದಿಗೆ ತಂದೆ."

ಗುರುಗಳು ಅವನನ್ನು ಎಬ್ಬಿಸಿದರು. ಹೊಸ ಚಾಪೆ ಬಿಡಿಸಿ ಹಾಸಿದರು.

"ಮೂವತ್ತು ವರ್ಷ ಆ ರಾಗಿಯನ್ನೇ ಉಂಡೆ ಮಗು, ಪಟೇಲರ ಎದುರು ಬಾಯಿ ಬಿಡಲು ನನ್ನಿಂದ ಆಗಲಿಲ್ಲ. ನಿನ್ನ ದಯೆಯಿಂದ ಈಗ ಹಂಗಿಲ್ಲದ ಅಂಬಲಿ ಉಣ್ಣುತ್ತಿದ್ದೇನೆ. ಕೂತ್ಕೋ, ನಿನಗೂ ಒಂದಿಷ್ಟು ಹಾಕುತ್ತೇನೆ."