ಹೆಪ್ಪು ಎತ್ತಿಡುವ ಬಟ್ಟಲು

ಹೊಳೆದಂಡೆಯ ಆಶ್ರಮ. ಮಂಜು ನೀರಿನಿಂದೆದ್ದು, ಗೋಡೆ ದಾಟಿ, ಒಳಗೆ ಬಂದು ಕೂರುತ್ತಿತ್ತು. ಯಾವುದು ದಡ, ಯಾವುದು ಹೊಳೆ ಎಂದು ಹಸುಗಳಿಗೂ ತಿಳಿಯುತ್ತಿರಲಿಲ್ಲ.

ಅದಕ್ಕೇ ಶಿಷ್ಯ ಅಡವೀಶ ಆಶ್ರಮದ ಕಂಪ್ಯೂಟರಿಗೆ ಒಂದು ಕೆಲಸ ಕಲಿಸಿದ್ದ. ಏಳುತ್ತಲೇ ಏನೇನು ಮಾಡಬೇಕೆಂದು ಅದು ಓದಿಕೊಳ್ಳುವ, ಅದನ್ನು ತಯಾರಿಸಿದವರೇ ಬರೆದು ಕಳಿಸಿದ ಸ್ಕ್ರಿಪ್ಟ್ ಒಂದಿತ್ತು. ಅದರ ನಡುವೆ ತನ್ನ ಸಾಲುಗಳನ್ನು ಸೇರಿಸಿದ್ದ: ದಡದಲ್ಲಿ ನೆಟ್ಟ ಅಳತೆಯ ಕೊಳವೆಯಿಂದ ಹೊಳೆಯನ್ನು ನೋಡುತ್ತಿರು. ನೀರು ಏರಿದರೆ ಗಂಟೆ ಬಾರಿಸು.

ಆ ಗಂಟೆಯನ್ನು ನಂಬಿ ದನಗಾಹಿ ಕರಿಯಜ್ಜ ಹಸುಗಳೊಂದಿಗೆ ಮರಳಿನ ಮೇಲೆ ಮಲಗುತ್ತಿದ್ದ.

ಒಂದು ನಸುಕಿನಲ್ಲಿ ನೀರು ಏರಿತು. ಗಂಟೆ ಸುಮ್ಮನಿತ್ತು. ಹಸುಗಳೇ ಕೂಗಿ ಅಜ್ಜನನ್ನು ಎಬ್ಬಿಸಿದವು. ಒಂದು ಕರು ಕೊಚ್ಚಿಹೋಯಿತು.

ಅಡವೀಶ ಓಡಿಹೋಗಿ ನೋಡಿದ. ಹಿಂದಿನ ದಿನ ಅಪ್‌ಡೇಟ್ ಬಂದಿತ್ತು. ಹಳೆಯ ಸ್ಕ್ರಿಪ್ಟ್ ತೆಗೆದು ಹೊಸದನ್ನು ಇಟ್ಟುಹೋಗಿತ್ತು. ಅವನ ಸಾಲುಗಳು ಎಲ್ಲೂ ಇರಲಿಲ್ಲ.

ಕೆಲವು ವಾರ ಕಳೆದ ಮೇಲೆ ಗುರು ನೀಲವ್ವತಾಯಿ ಕೇಳಿದರು.

"ಗಂಟೆಗೆ ಏನು ಮಾಡಿದೆ?"

"ಸಾಲುಗಳನ್ನು ಮತ್ತೆ ಬರೆದೆ, ತಾಯಿ. ಅಪ್‌ಡೇಟ್ ಬರುವ ಬಾಗಿಲಿಗೇ ಬೀಗ ಜಡಿದೆ."

"ಅವು ಬಂದು ಏನು ಮಾಡುತ್ತಿದ್ದವು?"

"ಕಳ್ಳರು ನುಗ್ಗುವ ಕಿಂಡಿಗಳನ್ನು ಮುಚ್ಚುತ್ತಿದ್ದವು."

"ಈಗ?"

ಅವನು ನೆಲ ನೋಡಿದ. "ಕಿಂಡಿಗಳು ತೆರೆದೇ ಇವೆ. ಯಾವನಾದರೂ ನುಗ್ಗಿ ಗಂಟೆಯ ಬಾಯಿ ಕಟ್ಟಬಹುದು. ಬೀಗ ತೆಗೆದರೆ ನನ್ನ ಸಾಲುಗಳು ಹೋಗುತ್ತವೆ, ತೆಗೆಯದಿದ್ದರೆ ಮನೆಯೇ ಹೋಗುತ್ತದೆ. ಯಾವುದನ್ನು ಬಿಡಲಿ, ತಾಯಿ?"

ತಾಯಿ ಮೊಸರಿನ ಗಡಿಗೆಯನ್ನು ಅವನ ಮುಂದೆ ಇಟ್ಟರು. "ಇದನ್ನು ತೊಳೆದು ತಾ. ಹಾಲು ಆರುತ್ತಿದೆ."

ಅವನು ಒಳಗೆ ಇಣುಕಿದ. ತಳದಲ್ಲಿ ಒಂದಿಷ್ಟು ಮೊಸರಿತ್ತು.

"ಹೆಪ್ಪು ಎತ್ತಿಟ್ಟಿಲ್ಲವಲ್ಲ. ತೊಳೆದರೆ ಹೆಪ್ಪೂ ಹೋಗುತ್ತದೆ."

"ಹಾಗಾದರೆ ತೊಳೆಯಬೇಡ."

"ತೊಳೆಯದ ಗಡಿಗೆಗೆ ಹೊಸ ಹಾಲು ಸುರಿದರೆ ನಾರುತ್ತದೆ, ತಾಯಿ."

"ಹಾಗಾದರೆ ಗಡಿಗೆಯ ಬಾಯಿಗೂ ಒಂದು ಬೀಗ ಹಾಕು."

ಅಡವೀಶನಿಗೆ ಸಿಟ್ಟು ಬಂತು. ಚಿಕ್ಕ ಬಟ್ಟಲೊಂದನ್ನು ಎಳೆದುಕೊಂಡು, ಒಂದು ಚಮಚ ಮೊಸರನ್ನು ಅದಕ್ಕೆ ಹಾಕಿ ಗೂಡಿನಲ್ಲಿಟ್ಟ. ಗಡಿಗೆ ತಿಕ್ಕಲು ಕುಳಿತ. ತಿಕ್ಕುತ್ತಿದ್ದ ಕೈ ನಡುವೆಯೇ ನಿಂತಿತು. ನೀರು ತೊಟ್ಟಿಕ್ಕುವ ಕೈಯಲ್ಲೇ ಎದ್ದು ಒಳಗೆ ಹೋದ.

ಹೊರಗಿನಿಂದ ಬಂದ ಸ್ಕ್ರಿಪ್ಟಿನೊಳಗಿಂದ ತನ್ನ ಸಾಲುಗಳನ್ನು ಎತ್ತಿಕೊಂಡ. ಅಪ್‌ಡೇಟ್‌ಗಳು ಕೈಹಾಕದ ಜಾಗದಲ್ಲಿ ಅವಕ್ಕೊಂದು ಬೇರೆ ಫೈಲ್ ಮಾಡಿದ. ಮೊದಲು ಅವರದನ್ನು ಓದು, ಆಮೇಲೆ ನನ್ನದನ್ನು ಓದು ಎಂದು ಕಂಪ್ಯೂಟರಿಗೆ ಹೇಳಿದ. ಬೀಗ ತೆಗೆದ.

ತಡೆದಿದ್ದ ಅಪ್‌ಡೇಟ್‌ಗಳೆಲ್ಲ ಒಳಗೆ ಹರಿದುಬಂದವು. ಕಂಪ್ಯೂಟರ್ ಕಣ್ಣು ಮುಚ್ಚಿ, ಮತ್ತೆ ತೆರೆಯಿತು. ಅಡವೀಶ ದಡಕ್ಕೆ ಹೋಗಿ, ನೀರು ಅಳೆಯುವ ಕೊಳವೆಗೆ ಒಂದು ಬಿಂದಿಗೆ ನೀರು ಸುರಿದ. ಮಂಜಿನೊಳಗೆ ಎಲ್ಲೋ ಗಂಟೆ ಮೊಳಗಿತು.

ಅವನು ಬರುವಷ್ಟರಲ್ಲಿ ತಾಯಿ ತಾವೇ ಗಡಿಗೆ ತೊಳೆದು ಹಾಲು ಸುರಿಯುತ್ತಿದ್ದರು.

"ಇನ್ನು ಎಷ್ಟು ಅಪ್‌ಡೇಟ್ ಬಂದರೂ ಭಯವಿಲ್ಲ, ತಾಯಿ. ಕರು ಹೋದಾಗಿನಿಂದ ಕರಿಯಜ್ಜ ಮರಳಿನ ಕಡೆ ತಲೆ ಹಾಕಿಲ್ಲ. ಇವತ್ತು ಅಲ್ಲೇ ನಿಶ್ಚಿಂತೆಯಾಗಿ ಮಲಗು ಎಂದು ಹೇಳಿಬಿಡಲೇ?"

"ಹೇಳು," ಎಂದರು ತಾಯಿ. "ಹೋಗುವಾಗ ನಿನ್ನ ಚಾಪೆಯನ್ನೂ ತೆಗೆದುಕೊಂಡು ಹೋಗು."