ದುಂಡವ್ವನ ಮಗ ವಸತಿ ಶಾಲೆಗೆ ಹೋದದ್ದು

ನಗು ಬಂದರೆ ತಡೀಬೇಡಿ, ನಕ್ಕುಬಿಡಿ. ದುಂಡವ್ವನ ಮಗ ಚಂದ್ರಾಮನ ಸುದ್ದಿ ತೆಗೆದರೆ ನಮ್ಮ ಕಡೆ ಎಲ್ಲರೂ ಮೊದಲು ನಗುತ್ತಾರೆ. ಆಮೇಲಿನದು ಆಮೇಲೆ.

ದುಂಡವ್ವ ಹಳೇ ಸೀರೆ ಸೇರಿಸಿ ಕೌದಿ ಹೊಲಿಯುವಾಕೆ. ಗಂಡ ಇಲ್ಲ, ಇರುವವನು ಇವನೊಬ್ಬನೇ ಮಗ. ಹನ್ನೊಂದು ವರ್ಷದವ. ಕೆಟ್ಟವನಲ್ಲ, ಕಳ್ಳನಲ್ಲ, ಮೈಗಳ್ಳನಂತೂ ಅಲ್ಲವೇ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವ. ಅದೇ ಅವನ ಕೇಡು.

"ಚಂದ್ರಾಮಾ, ಒಲಿ ಮ್ಯಾಲ ಹಾಲದ. ನೋಡಕೋತ ಕುಂದ್ರು" ಅಂತ ಹೇಳಿ ಅವ್ವ ನೀರಿಗೆ ಹೋದಳು. ಬಂದು ನೋಡಿದರೆ ಹಾಲೆಲ್ಲ ಬೂದಿಯ ಪಾಲು!

"ಅಯ್ಯ ನನ ಮಗನ! ಉಕ್ಕಿದ್ದು ಕಾಣಲಿಲ್ಲೇನೋ?"

"ಕಂಡಿತು ಯವ್ವಾ! ಮೊದಲಿಂದ ಕಡೀತನಕ ಪೂರಾ ನೋಡೀನಿ!"

ದುಂಡವ್ವ ಹಣೆ ಹಣೆ ಬಡಿದುಕೊಂಡಳು. ಬೈಯಲಿಕ್ಕೂ ಅವಳಲ್ಲಿ ಕಸುವಿರಲಿಲ್ಲ. ಆ ವರ್ಷ ದಮ್ಮು ಜೋರಾಗಿತ್ತು. ಎರಡು ಹೊಲಿಗೆ ಹಾಕಿದರೆ ಮೂರು ಸಲ ಕೆಮ್ಮು. "ನಾ ಇರೂತನಕ ನಾ ಹೇಳತೀನಿ. ನಾ ಹೋದ ಮ್ಯಾಲ ಈ ಕೂಸಿಗೆ ಹೇಳವ್ರು ಯಾರು? ತನ್ನಷ್ಟಕ್ಕ ತಾ ತಿಳಕೊಂಡು ಮಾಡೂದು ಕಲೀಲಿ" ಅಂದುಕೊಂಡಳು. ಊರ ಮಾಸ್ತರ ಕೈಕಾಲು ಹಿಡಿದು, ತಾಲೂಕಿನ ವಸತಿ ಶಾಲೆಯಲ್ಲಿ ಮಗನಿಗೊಂದು ಜಾಗ ಮಾಡಿಸಿದಳು.

ಬಸ್ಸು ಹತ್ತಿಸುವಾಗ ಹೇಳಿದಳು: "ಅಲ್ಲಿ ನಾ ಇರಂಗಿಲ್ಲಪಾ. ಮಾಸ್ತರು ಹೇಳಿದ್ದು ಒಂದಕ್ಷರ ಬಿಡದಂಗ ಬರಕೋ. ಬರಕೊಂಡದ್ದು ಬಾಯಿಪಾಠ ಮಾಡು."

"ಹೂಂ ಯವ್ವಾ."

ಆ ಶಾಲೆಯಲ್ಲಿ ಕಟ್ಟೀಮನಿ ಮಾಸ್ತರು ಅಂತ ಒಬ್ಬರಿದ್ದರು. ಪಾಠವೂ ಅವರದೇ, ಹಾಸ್ಟೆಲ್ಲಿನ ಕಾರುಬಾರೂ ಅವರದೇ. ಸಿಟ್ಟು ಮೂಗಿನ ತುದಿಯಲ್ಲಿ. ಏರಿದಷ್ಟೇ ಬೇಗ ಇಳಿಯುವ ಸಿಟ್ಟು. ಮಳೆ ಹೇಗೆ ಬರುತ್ತದೆ ಅಂತ ಒಂದು ದಿನ ಹೇಳಿಕೊಟ್ಟರು. ಚಂದ್ರಾಮ ತಲೆ ಎತ್ತದೆ ಬರೆದುಕೊಂಡ. ಬಾಯಿಪಾಠ ಮಾಡಿದ. ವಾರದ ಪರೀಕ್ಷೆಯಲ್ಲಿ ಹಾಗೇ ಇಳಿಸಿದ. ಮಾಸ್ತರು ಅವನ ಹಾಳೆ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಓದಿದರು:

"'ಸಮುದ್ರದ ನೀರು ಕಾಯ್ದು ಉಗಿ ಆಗ್ತದ. ಏ ಹಿಂದಿನ ಬೆಂಚು, ಹಲ್ಲು ಉದುರಸ್ತೀನಿ ನೋಡು. ಉಗಿ ಮ್ಯಾಲ ಹೋಗಿ ಮೋಡ ಆಗ್ತದ. ಥೂ, ಎಂಥಾ ಸೀಮೆಸುಣ್ಣ ತಂದಾರಿದು. ಮೋಡ ತಂಪಾಗಿ, ಆಕ್ಷೀ, ಮಳಿ ಆಗ್ತದ.'"

ಹುಡುಗರು ಬಿದ್ದು ಬಿದ್ದು ನಕ್ಕರು. ಎಲ್ಲರೂ ನಗುತ್ತಿದ್ದಾರಲ್ಲ ಅಂತ ಚಂದ್ರಾಮನೂ ನಕ್ಕ.

"ನಾ ಸೀನಿದ್ದೂ ಬರದೀಯೇನೋ!"

"ಒಂದಕ್ಷರ ಬಿಟ್ಟಿಲ್ರೀ ಸರ!"

"ದಡ್ಡಾ! ನನ್ನ ಮಾತು ನನಗ ತಿರುಗಿ ಕೊಡಬ್ಯಾಡ. ನಿನ್ನ ಸ್ವಂತ ಮಾತು ಬರಿ!"

"ಹೂಂ ರೀ ಸರ."

ಮುಂದಿನ ವಾರ ಮತ್ತೆ ಪರೀಕ್ಷೆ. ನಮ್ಮ ದೇಶದ ರಾಜಧಾನಿ ಯಾವುದು? ದಿಲ್ಲಿ ಅಂತ ಚಂದ್ರಾಮನಿಗೆ ಗೊತ್ತಿತ್ತು. ಆದರೆ ಅದು ಪುಸ್ತಕದ ಮಾತು, ತನ್ನದಲ್ಲ. ತನ್ನ ಸ್ವಂತ ಮಾತು ಯಾವುದು? ಬಹಳ ಹೊತ್ತು ಪೆನ್ಸಿಲ್ಲು ಕಚ್ಚಿದ. ಆಮೇಲೆ ಬರೆದ: 'ನನಗ ಇಲ್ಲಿ ನಿದ್ದಿ ಬರೂದಿಲ್ಲ.' ಕೃಷ್ಣಾ ನದಿ ಎಲ್ಲಿ ಹುಟ್ಟುತ್ತದೆ? 'ಅವ್ವ ಕೆಮ್ಮೂದು ಕೇಳಿದರ ನಿದ್ದಿ ಬರತದ.' ಭೂಮಿಯ ಆಕಾರ ಎಂಥದು? 'ಇಲ್ಲಿ ಯಾರೂ ಕೆಮ್ಮೂದಿಲ್ಲ.'

ಈ ಹಾಳೆಯನ್ನು ಮಾಸ್ತರು ಗಟ್ಟಿಯಾಗಿ ಓದಲಿಲ್ಲ. ಎರಡು ಸಲ ಒಳಗೊಳಗೇ ಓದಿಕೊಂಡು, ಆಮೇಲೆ ಬೈದರು.

"ಉತ್ತರ ತಿಳೀದಿದ್ರ ಕೇಳಬೇಕೋ ತಮ್ಮಾ! ಬಾಯಿಲ್ಲೇನು ನಿನಗ? ಬಾಜೂದವನ್ನ ಕೇಳು. ನಾಚಿಕೋಬ್ಯಾಡ!"

"ಹೂಂ ರೀ ಸರ."

ತಿಂಗಳ ಪರೀಕ್ಷೆ ಬಂತು. ಚಂದ್ರಾಮನ ಬಾಜೂಕ್ಕೆ ಕೂತವನು ರಫೀಕ. ಎಲ್ಲ ನಿಶ್ಶಬ್ದ. ಚಂದ್ರಾಮ ಎದ್ದು ನಿಂತ.

"ರಫೀಕಾ! ಮೂರನೇದ್ದಕ್ಕ ಏನು ಉತ್ತರ?"

"ಸುಮ್ಮ ಕುಂದ್ರಲೇ!"

ಚಂದ್ರಾಮ ಕೂತು ಬರೆದ. ಮೂರು: ಸುಮ್ಮ ಕುಂದ್ರಲೇ. ಮತ್ತೆ ಎದ್ದ.

"ನಾಕನೇದ್ದಕ್ಕ?"

"ನಿನ್ನ ಸಲುವಾಗಿ ನಾನೂ ಸಾಯತೀನಿ!"

ನಾಲ್ಕು: ನಿನ್ನ ಸಲುವಾಗಿ ನಾನೂ ಸಾಯತೀನಿ.

ಅಷ್ಟರಲ್ಲಿ ಮಾಸ್ತರು ಬಂದು ಕಿವಿ ಹಿಡಿದರು. "ಪರೀಕ್ಷಾದಾಗ ಕೇಳತೀಯೇನೋ! ಇನ್ನ ಯಾರನ್ನೂ ಕೇಳಬ್ಯಾಡ! ಯಾರ ಆಸರಾನೂ ಬ್ಯಾಡ! ಮನಿ ಬಿಟ್ಟು ಬಂದೀದಿ, ನಿನ್ನ ಕಾಲ ಮ್ಯಾಲ ನೀ ನಿಂದ್ರೂದು ಕಲಿ!"

"ಹೂಂ ರೀ ಸರ."

ನಿಂತ. ಓದಲು ನಿಂತ, ಬರೆಯಲು ನಿಂತ. ಊಟದ ಪಂಕ್ತಿಯಲ್ಲಿ ಎಲ್ಲರೂ ಕೂತರೆ ತಾಟು ಕೈಯಲ್ಲಿ ಹಿಡಿದು ನಿಂತ. ಗೋಡೆಗೂ ಒರಗಲಿಲ್ಲ, ಆಸರಾ ಬೇಡ ಅಂದಿದ್ದಾರಲ್ಲ! ರಫೀಕ ಅಂಗಿ ಜಗ್ಗಿ ಕೂರಿಸಲು ನೋಡಿದ. "ಬಿಡಲೇ, ಕಲಿಯಾಕತ್ತೀನಿ" ಅಂದ. ಎರಡು ದಿನ ಹೀಗೆ. ಪಾದ ಬಾತು ಚಪ್ಪಲಿಯೊಳಗೆ ಹೋಗದಾದವು. ಮೂರನೇ ದಿನ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಧೊಪ್ಪಂತ ಬಿದ್ದ.

ಮಾಸ್ತರೇ ಎತ್ತಿಕೊಂಡು ಹೋಗಿ, ಬಿಸಿನೀರಲ್ಲಿ ಅವನ ಕಾಲಿಡಿಸಿ ತಿಕ್ಕಿದರು.

"ಎಂಥಾ ಹುಡುಗನೋ ನೀ! ಕುಂದ್ರೋ ಮಾರಾಯಾ! ಇನ್ನ ಮ್ಯಾಲ ನಾ ಏನೂ ಹೇಳಂಗಿಲ್ಲ. ಅಲ್ಲಿ ಗ್ವಾಡಿ ಮ್ಯಾಲ ವೇಳಾಪಟ್ಟಿ ಹಚ್ಚೇತಿ. ಯಾವ ಹೊತ್ತಿಗೆ ಏನು ಬರದದ, ಆ ಹೊತ್ತಿಗೆ ಅದಷ್ಟ ಮಾಡು. ಬ್ಯಾರೆ ಏನೂ ಮಾಡಬ್ಯಾಡ!"

"ಹೂಂ ರೀ ಸರ."

ನೋಡಿ, ಈ ಮಾತೊಂದು ನಾಟಿತು! ಐದಕ್ಕೆ ಏಳು ಅಂತಿದ್ದರೆ ಐದಕ್ಕೆ ಎದ್ದ. ಆರಕ್ಕೆ ಓದು ಅಂತಿದ್ದರೆ ಆರಕ್ಕೆ ಓದಿದ. ಎಬ್ಬಿಸುವವರು ಬೇಡ, ಕೂರಿಸುವವರು ಬೇಡ. ಮೂರು ತಿಂಗಳು ಯಾರ ಕೈಲೂ ಬೈಸಿಕೊಳ್ಳಲಿಲ್ಲ. ಗಣಿತದಲ್ಲಿ ಪಾಸೂ ಆದ. ಕಟ್ಟೀಮನಿ ಮಾಸ್ತರಿಗೆ ಹಿಗ್ಗೋ ಹಿಗ್ಗು. ಊರಿಗೆ ಫೋನ್ ಮಾಡಿ ಹೇಳಿಸಿದರು: "ನಿಮ್ಮ ಹುಡುಗ ತಾನ ಏಳತಾನ, ತಾನ ಓದತಾನ."

ದುಂಡವ್ವ ಈ ಸುದ್ದಿ ಕೇಳಿದವಳೇ ಬಸ್ಸು ಹತ್ತಿಬಿಟ್ಟಳು. ಮರುದಿನ ಅವಳು ದೊಡ್ಡಾಸ್ಪತ್ರೆಗೆ ಸೇರಬೇಕಿತ್ತು. ಅದಕ್ಕೂ ಮೊದಲು ಮಗ ಓದುವುದನ್ನು ಒಮ್ಮೆ ಕಣ್ಣಿಂದ ನೋಡಬೇಕು ಅಂತ ಆಸೆ.

ಗುರುವಾರ ಸಂಜೆ. ಚಂದ್ರಾಮ ಓದುತ್ತಿದ್ದ. ಕಿಟಕಿಯ ಕಡೆ ಕೆಮ್ಮು ಕೇಳಿಸಿತು. ತಲೆ ಎತ್ತಿದ. ಅವ್ವ! ಕಾಲು ಎದ್ದೇ ಬಿಟ್ಟವು. ಗೋಡೆ ನೋಡಿದ. ಸಂಜೆ ಐದರಿಂದ ಏಳರ ತನಕ, ಅಭ್ಯಾಸ. ಪಾಲಕರ ಭೇಟಿ, ರವಿವಾರ. ಕೂತ.

"ಯವ್ವಾ, ಈಗ ಅಭ್ಯಾಸ. ಭೇಟಿ ರವಿವಾರ."

"ಒಂದು ಮಾತು ಹೇಳಿ ಹೋಗತೀನಿ, ಬಾರೋ."

"ರವಿವಾರ ಹೇಳು ಯವ್ವಾ."

ದುಂಡವ್ವ ಸರಳು ಹಿಡಿದು ನಿಂತಳು. ಮಗ ಪುಸ್ತಕಕ್ಕೆ ತಲೆ ಬಗ್ಗಿಸಿದ್ದ. ಯಾರೂ ಅವನ ತಲೆಯ ಮೇಲೆ ನಿಂತಿರಲಿಲ್ಲ, ಯಾರೂ ಕೋಲು ಹಿಡಿದಿರಲಿಲ್ಲ. "ಶಾಣ್ಯಾ ಆದಿ ಬಿಡೋ ನನ ಮಗನ" ಅಂದಳು. ನಕ್ಕಳೋ ಅತ್ತಳೋ ಚಂದ್ರಾಮನಿಗೆ ತಿಳಿಯಲಿಲ್ಲ, ಪುಸ್ತಕದಿಂದ ಕಣ್ಣೆತ್ತುವ ಹಾಗಿರಲಿಲ್ಲ. ಆಮೇಲೆ ಕೆಮ್ಮು ಅಂಗಳ ದಾಟಿತು, ಗೇಟು ದಾಟಿತು. ಅದನ್ನೇ ಕೇಳುತ್ತ ಕೇಳುತ್ತ ಅವನಿಗೆ ಕೂತಲ್ಲೇ ತೂಕಡಿಕೆ ಬಂತು.

ರಫೀಕ ಓಡಿ ಹೋಗಿ ಮಾಸ್ತರಿಗೆ ಹೇಳಿದ. ಮಾಸ್ತರು ರಸ್ತೆಗೆ ಓಡಿದರು. ಬಸ್ಸು ಹೋಗಿತ್ತು. ಮರಳಿ ಬಂದವರು ಹಿಂದೆಂದೂ ಬೈಯದಷ್ಟು ಬೈದರು.

"ಅಯ್ಯೋ ಪಾಪೀ! ಹೆತ್ತಾಕಿ ಬಂದ್ರ ಕೂತಲ್ಲಿಂದ ಏಳಲಿಲ್ಲೇನೋ! ಆರಾಮ ಅದೀ ಏನು ಅಂತ ಒಂದು ಮಾತು ಕೇಳಲಿಲ್ಲೇನೋ!"

"ಪಟ್ಟ್ಯಾಗ ಇರಲಿಲ್ರೀ ಸರ."

"ಸುಡು ಆ ಪಟ್ಟಿ! ಕೇಳಿಲ್ಲಿ. ಇನ್ನೊಮ್ಮೆ ಅವ್ವ ಸಿಕ್ಕಾಗ ನೆಟ್ಟಗ ಹೋಗಿ ಎದುರಿಗೆ ಕುಂದ್ರು. 'ಯವ್ವಾ, ಆರಾಮ ಅದೀ ಏನು' ಅಂತ ಕೇಳು. ಅಕಿ ಉತ್ತರ ಹೇಳೂತನಕ ಅಲ್ಲಿಂದ ಏಳಬ್ಯಾಡ!"

"ಹೂಂ ರೀ ಸರ."

ರವಿವಾರ ಚಂದ್ರಾಮ ಮಧ್ಯಾಹ್ನದಿಂದಲೇ ಗೇಟಿನ ಹತ್ತಿರ ಕೂತ. ಮರೆಯದಿರಲಿ ಅಂತ ಬಾಯಲ್ಲೇ ಹೇಳಿಕೊಳ್ಳುತ್ತಿದ್ದ: ಆರಾಮ ಅದೀ ಏನು, ಆರಾಮ ಅದೀ ಏನು. ಎಲ್ಲರ ಅವ್ವಂದಿರೂ ಬಂದರು, ಹೋದರು. ದುಂಡವ್ವ ಬರಲಿಲ್ಲ.

ಸೋಮವಾರ ಫೋನ್ ಬಂತು. ಮಾಸ್ತರು ಅವನನ್ನು ಕರೆದುಕೊಂಡು ತಾವೇ ಬಸ್ಸು ಹತ್ತಿದರು. ಅರ್ಧ ದಾರಿ ಕಳೆದ ಮೇಲೆ ಅವನ ಕೈ ಹಿಡಿದುಕೊಂಡು ಅಂದರು:

"ನಿಮ್ಮವ್ವ ಹೋದಳಪಾ."

"ಎಲ್ಲಿಗ್ರೀ ಸರ?"



ಮನೆಯ ಮುಂದೆ ಜನ. ಭಜನೆ ನಡೆದಿತ್ತು. ನಮ್ಮ ಕಡೆ ಸತ್ತವರನ್ನು ಕೂರಿಸುತ್ತಾರೆ. ದುಂಡವ್ವನನ್ನೂ ಗೋಡೆಗೆ ಆನಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ಚಂದ್ರಾಮ ಬಾಗಿಲಲ್ಲಿ ನಿಂತು ನೋಡಿದ. ಅವ್ವ ಮನೆಯಲ್ಲೇ ಇದ್ದಾಳೆ! ಕೂತಿದ್ದಾಳೆ! ಜನರ ನಡುವೆ ತೂರಿ, ನೆಟ್ಟಗೆ ಹೋಗಿ, ಎದುರಿಗೆ ಕೂತ.

"ಯವ್ವಾ, ಆರಾಮ ಅದೀ ಏನು?"

ಭಜನೆಯವರ ತಾಳ ನಿಂತುಹೋಯಿತು. ಚಂದ್ರಾಮ ಕಾದ. ಮತ್ತೆ ಕೇಳಿದ. ಮತ್ತೆ ಕಾದ. ಬಿಸಿಲು ಹೊಸ್ತಿಲು ಬಿಟ್ಟು ಹೋಯಿತು.

"ಏಳಪಾ ತಮ್ಮಾ, ಒಯ್ಯೂ ವ್ಯಾಳ್ಯಾ ಆತು" ಅಂದರು ಊರ ಹಿರಿಯರು.

"ತಡೀರೀ. ಅಕಿ ಇನ್ನಾ ಹೇಳಿಲ್ಲ."

ನೀವಾದರೂ ಒಂದು ಮಾತು ಹೇಳಿ ಅನ್ನುವ ಹಾಗೆ ಎಲ್ಲರೂ ಮಾಸ್ತರ ಮುಖ ನೋಡಿದರು. ಕಟ್ಟೀಮನಿ ಮಾಸ್ತರು ಬಾಯಿ ತೆರೆದರು. ಬಾಯಿ ಮುಚ್ಚಿ, ಬಂದು ಅವನ ಪಕ್ಕದಲ್ಲಿ ನೆಲಕ್ಕೆ ಕೂತರು.

ಚಂದ್ರಾಮ ಅವರ ಕಡೆ ಬಾಗಿ, ಅವ್ವನಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ:

"ಅವಸರ ಮಾಡಬ್ಯಾಡ್ರೀ ಸರ. ಅಕಿಗೆ ದಮ್ಮು ಅದ. ಮಾತಾಡಾಕ ಹೊತ್ತು ಹಿಡೀತದ."